ತಗ್ಗಿ ನಡೆಯುವವರ ಲೆಕ್ಕ

ಬಾಣಂತಿ ಇರುವ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ದೀಪ ಉರಿದರೆ ಅಜ್ಜಿಯಾದವಳಿಗೆ ನಿದ್ದೆ ಹಾರಿಹೋಗುತ್ತದೆ. ಮಗುವಿಗೆ ಜ್ವರವೋ, ಹೊಟ್ಟೆನೋವೋ ಎಂದು ನಾನು ಎದ್ದು ಮಗಳ ಕೋಣೆಗೆ ಹೋದೆ. ಮಗು ತೊಡೆಯ ಮೇಲೆ ಹಾಲು ಕುಡಿಯುತ್ತಾ ಅರೆನಿದ್ದೆಯಲ್ಲಿತ್ತು. ಮಗಳ ಒಂದು ಕೈ ಮಗುವಿನ ಬೆನ್ನಿನ ಮೇಲೆ, ಇನ್ನೊಂದು ಕೈ ಲ್ಯಾಪ್‌ಟಾಪಿನ ಮೇಲೆ.

"ಬಾಣಂತಿ ಕಣ್ಣಿಗೆ ಇಷ್ಟು ಬೆಳಕು ಬೀಳಬಾರದು ಕಣೇ. ಮುಂದೆ ತಲೆನೋವು ಅಂತ ಅಳ್ತೀಯ" ಎಂದೆ.

"ಐದೇ ನಿಮಿಷ ಅಮ್ಮ. ಕರ್ನಲ್‌ಗೆ ಒಂದು ಪ್ಯಾಚ್ ಬಂದಿದೆ, ನೋಡಿಬಿಡ್ತೀನಿ."

"ಯಾವ ಕರ್ನಲ್ಲೇ? ಸೈನ್ಯದವರಾ? ಅವರ ಬಟ್ಟೆಗೆ ತೇಪೆ ಹಾಕೋಕೆ ನೀನೇ ಬೇಕಾಯ್ತಾ?"

ಅವಳು ನಕ್ಕಿದ್ದಕ್ಕೆ ಮಗು ಬೆಚ್ಚಿತು. ನಾನು ಮಗುವನ್ನೆತ್ತಿ ಹೆಗಲಿಗೆ ಹಾಕಿಕೊಂಡೆ. ತೇಗು ಬರುವವರೆಗೆ ಹೇಗೂ ತಿರುಗಾಡಬೇಕಲ್ಲ, ಆ ಹೊತ್ತಿನಲ್ಲಿ ಅವಳ ಕರ್ನಲ್ಲಿನ ಕಥೆ ಕೇಳಿದೆ.

ಇದು 2025ರ ಬೇಸಿಗೆಯ ಮಾತು. ಮಾರ್ಚ್ ತಿಂಗಳಲ್ಲಿ ಮೊಮ್ಮಗ ಹುಟ್ಟಿದ್ದ. ಮಗಳು ಬೆಂಗಳೂರಿನಿಂದ ಬಾಣಂತನಕ್ಕೆ ಶಿವಮೊಗ್ಗಕ್ಕೆ ಬಂದಿದ್ದಳು. ಅವಳು ಕಂಪ್ಯೂಟರ್ ಕೆಲಸದವಳು ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆನೇ ಹೊರತು, ಆ ಕೆಲಸ ಯಾವ ಬಗೆಯದು ಎಂದು ಹತ್ತು ವರ್ಷಗಳಲ್ಲಿ ಒಮ್ಮೆಯೂ ಕೂತು ಕೇಳಿರಲಿಲ್ಲ. ನಿಮ್ಮಲ್ಲೂ ಅನೇಕರು ಹೀಗೇ ಇರಬಹುದು. ಮಗಳ ಸಂಬಳ ಗೊತ್ತು, ಕಚೇರಿಯ ಹೆಸರು ಗೊತ್ತು, ಕೆಲಸ ಮಾತ್ರ ಗೊತ್ತಿಲ್ಲ.

ಕರ್ನಲ್ ಎಂದರೆ ತಿರುಳು. ಲೈನಕ್ಸ್ ಎನ್ನುವ ಒಂದು ತಿರುಳನ್ನು 1991ರಲ್ಲಿ ಫಿನ್‌ಲ್ಯಾಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಬರೆಯಲು ಆರಂಭಿಸಿದನಂತೆ. ಅಂದಿನಿಂದ ಲೋಕದ ಸಾವಿರಾರು ಜನ ಸೇರಿ ಅದನ್ನು ಬೆಳೆಸಿದ್ದಾರೆ. ನಾವು ಕೈಯಲ್ಲಿ ಹಿಡಿದಿರುವ ಆಂಡ್ರಾಯ್ಡ್ ಫೋನುಗಳ ಒಳಗೂ ಅದೇ ತಿರುಳು. ಅದರಲ್ಲಿ ಎಲ್ಲಿಯಾದರೂ ತಪ್ಪು ಕಂಡರೆ, ಸುಧಾರಣೆ ಹೊಳೆದರೆ, ಯಾರು ಬೇಕಾದರೂ ತಿದ್ದಿದ ಸಾಲುಗಳನ್ನು ಇ-ಮೇಲಿನಲ್ಲಿ ಕಳಿಸಬಹುದು. ಅದಕ್ಕೆ ಪ್ಯಾಚ್ ಎಂದು ಹೆಸರು. ನನ್ನ ತೇಪೆ ಎಂಬ ಮಾತು ತಪ್ಪೇನಾಗಿರಲಿಲ್ಲ! ಬಂದ ತೇಪೆಯನ್ನು ಹಾಗೆಯೇ ಹೊಲಿಯುವುದಿಲ್ಲ. ತಿಳಿದವರು ಒಂದೊಂದು ಸಾಲನ್ನೂ ಓದಿ, ಪ್ರಶ್ನೆ ಕೇಳಿ, ತಿದ್ದಿಸಿ, ಸರಿಯೆನಿಸಿದರೆ "ನಾನು ಪರಿಶೀಲಿಸಿದ್ದೇನೆ" ಎಂದು ತಮ್ಮ ಹೆಸರು ಸೇರಿಸುತ್ತಾರೆ. ಆಮೇಲೆ ಆ ಭಾಗವನ್ನು ನೋಡಿಕೊಳ್ಳುವವರು ಅದನ್ನು ತಮ್ಮ ಸಂಗ್ರಹಕ್ಕೆ ಸೇರಿಸಿಕೊಳ್ಳುತ್ತಾರೆ. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ತಿರುಳು ಹೊರಬರುತ್ತದೆ.

ನನ್ನ ಮಗಳು ನೋಡುತ್ತಿದ್ದದ್ದು ಅದರೊಳಗಿನ ಒಂದು ಸಣ್ಣ ಭಾಗವನ್ನು. ಇಂಟರ್‌ನೆಟ್ಟಿನ ದಾರಿಯಲ್ಲಿ ದಟ್ಟಣೆಯಾದಾಗ ಯಾರು, ಎಷ್ಟು, ಹೇಗೆ ಹಿಂಜರಿಯಬೇಕು ಎಂದು ಲೆಕ್ಕ ಹಾಕುವ ಭಾಗ ಅದು. ಇದು ಕಚೇರಿಯ ಕೆಲಸವಲ್ಲ, ಹೆರಿಗೆ ರಜೆಯಲ್ಲೂ ಬಿಡಲಾರದ ಅವಳ ಸ್ವಂತ ಹುಚ್ಚು.

"ನಿನಗಿದು ಬೇಗ ಅರ್ಥ ಆಗುತ್ತಮ್ಮ, ನೀನು ಪೋಸ್ಟ್ ಆಫೀಸಿನವಳು" ಎಂದಳು.

ನಾನು 1986ರಲ್ಲಿ ಅಂಚೆ ಇಲಾಖೆ ಸೇರಿ 2020ರಲ್ಲಿ ನಿವೃತ್ತಳಾದವಳು. ಮೂವತ್ತನಾಲ್ಕು ವರ್ಷ ಚೀಲ, ಮೊಹರು, ರಸೀತಿಗಳ ನಡುವೆ ಕಳೆದಿದ್ದೇನೆ. ಅವಳು ಹೇಳಿದ್ದು ನಿಜ, ಬೇಗ ಅರ್ಥವಾಯಿತು. ಫೋನಿನಿಂದ ಹೊರಡುವ ಫೋಟೋ, ಪತ್ರ, ಹಣದ ಲೆಕ್ಕ ಎಲ್ಲವೂ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತವೆ. ಟಿಸಿಪಿ ಎಂಬ ಪದ್ಧತಿಯಲ್ಲಿ ಹೋದವು ಮುಟ್ಟಿದ್ದಕ್ಕೆ ಆ ತುದಿಯಿಂದ ರಸೀತಿ ಬರುತ್ತದೆ. ನಮ್ಮ ರಿಜಿಸ್ಟರ್ಡ್ ಪೋಸ್ಟಿನ ಅಕ್ನಾಲೆಡ್ಜ್‌ಮೆಂಟ್ ಕಾರ್ಡಿನ ಹಾಗೆ. ರಸೀತಿ ಬಾರದಿದ್ದರೆ ಅದೇ ಪೊಟ್ಟಣವನ್ನು ಮತ್ತೆ ಕಳಿಸುತ್ತದೆ. ಯುಡಿಪಿ ಎಂಬ ಇನ್ನೊಂದು ಪದ್ಧತಿ ಇದೆ. ಅದು ಸಾದಾ ಅಂಚೆ. ಡಬ್ಬಿಗೆ ಹಾಕಿದರೆ ಮುಗಿಯಿತು, ಮುಟ್ಟಿತೋ ಇಲ್ಲವೋ ಕೇಳುವವರಿಲ್ಲ.

ಮಲೆನಾಡಿನ ಮಳೆಗಾಲ ಗೊತ್ತಿರುವವರಿಗೆ ಮುಂದಿನದು ಸುಲಭ. ಘಾಟಿಯಲ್ಲಿ ಗುಡ್ಡ ಕುಸಿದು ಬಸ್ಸು ನಿಂತರೆ ಅಂಚೆ ಚೀಲಗಳೂ ನಿಲ್ಲುತ್ತವೆ. ಉತ್ತರ ಬರಲಿಲ್ಲವೆಂದು ಜನ ಅದೇ ಪತ್ರವನ್ನು ಇನ್ನೊಮ್ಮೆ ಬರೆದು ಹಾಕುತ್ತಾರೆ. ದಾರಿ ತೆರೆದಾಗ ಒಂದರ ಬದಲು ಮೂರು ಚೀಲ. ದಾರಿಯೇ ಇಕ್ಕಟ್ಟಾದಾಗ ಎಲ್ಲರೂ ಎರಡೆರಡು ಸಲ ಕಳಿಸುತ್ತಾ ಹೋದರೆ ಏನಾಗಬೇಕು?

1986ರ ಅಕ್ಟೋಬರಿನಲ್ಲಿ ಆದದ್ದು ಅದೇ. ಅಮೆರಿಕದ ಬರ್ಕ್‌ಲಿಯಲ್ಲಿ ಒಂದು ಪ್ರಯೋಗಾಲಯ, ಅದರಿಂದ ಸುಮಾರು 400 ಗಜ ದೂರದಲ್ಲಿ ವಿಶ್ವವಿದ್ಯಾಲಯ. ಅವೆರಡರ ನಡುವೆ ಸೆಕೆಂಡಿಗೆ 32,000 ಬಿಟ್‌ಗಳಷ್ಟು ಹೋಗುತ್ತಿದ್ದ ಮಾಹಿತಿ ಇದ್ದಕ್ಕಿದ್ದಂತೆ 40 ಬಿಟ್‌ಗಳಿಗೆ ಇಳಿಯಿತು. ತಂತಿ ಕಡಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ದಾರಿಯ ತುಂಬ ಮತ್ತೆ ಮತ್ತೆ ಕಳಿಸಿದ ಪೊಟ್ಟಣಗಳೇ ತುಂಬಿಕೊಂಡಿದ್ದವು. ನಾನು ಕೆಲಸಕ್ಕೆ ಸೇರಿದ ವರ್ಷವೇ ಅಷ್ಟು ದೂರದಲ್ಲಿ ಹೀಗೊಂದು ಚೀಲ ಕಟ್ಟಿಕೊಂಡಿತ್ತೆಂದು ಕೇಳಿ ನನಗೆ ವಿಚಿತ್ರವೆನಿಸಿತು.

ವ್ಯಾನ್ ಜೇಕಬ್‌ಸನ್, ಮೈಕೆಲ್ ಕಾರೆಲ್ಸ್ ಎಂಬಿಬ್ಬರು ಕಂಡುಕೊಂಡ ಉಪಾಯವನ್ನು 1988ರಲ್ಲಿ ಪ್ರಕಟಿಸಿದರು. ಉಪಾಯ ನಮ್ಮ ಅಡುಗೆಮನೆಯ ಮಾತಿನಷ್ಟೇ ಸರಳ. ಮೊದಲು ಸ್ವಲ್ಪವೇ ಕಳಿಸು. ರಸೀತಿ ಬಂದರೆ ಹೆಚ್ಚಿಸು. ಬಾರದಿದ್ದರೆ ದಾರಿ ಇಕ್ಕಟ್ಟಾಗಿದೆ ಎಂದು ತಿಳಿದು, ನಿನ್ನ ವೇಗವನ್ನು ಅರ್ಧಕ್ಕೆ ಇಳಿಸಿಕೋ. ಆಮೇಲೆ ಮೆಲ್ಲಗೆ, ಒಂದೊಂದೇ ಹೆಜ್ಜೆ ಮೇಲೇರು. ನಡುವೆ ನಿಂತು ಶಿಳ್ಳೆ ಊದುವ ಪೊಲೀಸಿನವನಿಲ್ಲ. ಪ್ರತಿಯೊಂದು ಯಂತ್ರವೂ ತಾನಾಗಿ ತಗ್ಗಬೇಕು. ಇಡೀ ಲೋಕದ ಇಂಟರ್‌ನೆಟ್ ಇಷ್ಟು ವರ್ಷ ನಿಂತಿರುವುದು ಇಂಥ ತಗ್ಗುವಿಕೆಯ ಮೇಲೆ. ಲೈನಕ್ಸ್‌ನಲ್ಲಿ 2006ರಿಂದ ರೂಢಿಯಲ್ಲಿರುವುದು ಕ್ಯೂಬಿಕ್ ಎಂಬ ಲೆಕ್ಕ. ಅದು ಅರ್ಧಕ್ಕೆ ಬದಲು ಹತ್ತರಲ್ಲಿ ಏಳು ಪಾಲಿಗೆ ಇಳಿಯುತ್ತದೆ, ತತ್ವ ಮಾತ್ರ ಅದೇ.

"ನೋಡಿದ್ಯಾ? ಯಂತ್ರಕ್ಕೂ ಹೊಂದಿಕೊಂಡು ಹೋಗೋದು ಗೊತ್ತು" ಎಂದೆ.

ಆ ಮಾತಿಗೆ ಕಾರಣವಿತ್ತು. ನಮ್ಮ ಬೀಗಿತ್ತಿ ವಾರಕ್ಕೆರಡು ಸಲ ಫೋನು ಮಾಡುತ್ತಿದ್ದರು. ಒಳ್ಳೆಯವರು, ಗಟ್ಟಿ ದನಿಯವರಲ್ಲ. "ಮಗೂಗೆ ಎರಡು ವರ್ಷ ಆಗೋವರೆಗೆ ಕೆಲಸ ಬಿಟ್ಟರೆ ಒಳ್ಳೇದಿತ್ತು, ನೀವೊಂದು ಮಾತು ಹೇಳಿ" ಎಂದು ನನ್ನ ಕಿವಿಗೆ ಹಾಕಿದ್ದರು. ಅಳಿಯಂದಿರು ಈ ವಿಷಯದಲ್ಲಿ ಬಾಯಿ ಬಿಡುತ್ತಿರಲಿಲ್ಲ. ನಾನು ಎಣ್ಣೆ ಹಚ್ಚುವಾಗ, ತಲೆಗೆ ಹೊಗೆ ಹಿಡಿಯುವಾಗ, ಊಟ ಬಡಿಸುವಾಗ ಮಗಳಿಗೆ ಅದನ್ನೇ ಹೇಳುತ್ತಿದ್ದೆ. "ಎರಡೇ ವರ್ಷ ತಾನೇ. ಹೊಂದಿಕೊಂಡು ಹೋಗು. ನಾನು ಹೋಗಲಿಲ್ವಾ?"

ನಾನು ಹೋಗಿದ್ದೆ. 1996ರಲ್ಲಿ ನನಗೆ ಬಡ್ತಿಯ ಜೊತೆ ಬೇರೆ ಊರಿಗೆ ವರ್ಗವಾಗುವ ಅವಕಾಶ ಬಂದಿತ್ತು. ಆಗ ಇವಳು ನಾಲ್ಕು ವರ್ಷದವಳು, ನಮ್ಮತ್ತೆಗೆ ಮೊಣಕಾಲು ನೋವು, ಇವರಿಗೆ ಇಲ್ಲಿಯೇ ನೌಕರಿ. ಬೇಡವೆಂದು ಯಾರೂ ಗದರಿಸಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು, ಅಷ್ಟೇ. ನಾನು ಬೇಡವೆಂದು ಬರೆದುಕೊಟ್ಟೆ. ಅದನ್ನು ತ್ಯಾಗವೆಂದು ಯಾರೂ ಕರೆಯಲಿಲ್ಲ, ನಾನೂ ಕರೆದಿರಲಿಲ್ಲ.

ಮಗಳು ಆ ರಾತ್ರಿ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. "ಅಮ್ಮ, ಇಲ್ನೋಡು. ಯಾವ ದೇಶದ ಹುಡುಗನೋ ಒಂದು ಪ್ಯಾಚ್ ಕಳಿಸಿದಾನೆ. ರಸೀತಿ ಬರದಿದ್ದಾಗ ಕೆಲವು ಸಂದರ್ಭದಲ್ಲಿ ಬಹಳ ಸ್ವಲ್ಪ ಮಾತ್ರ ಇಳಿದರೆ ಸಾಕು ಅಂತಾನೆ. ಅವನು ಕೊಟ್ಟಿರೋ ಪಟ್ಟಿಯಲ್ಲಿ ವೇಗ ಹೆಚ್ಚಿದೆ. ನೋಡಿದವರು ಭೇಷ್ ಅನ್ನಬೇಕು, ಹಾಗಿದೆ."

"ಹಾಗಾದರೆ ಸೇರಿಸಿಕೊಂಡುಬಿಡಿ."

"ಈ ವೇಗ ಎಲ್ಲಿಂದ ಬಂತು ಅಂತ ನೋಡಬೇಕಲ್ಲ."

ಮರುದಿನ ಮಗು ಮಲಗಿದ ಹೊತ್ತಿನಲ್ಲಿ ಅವಳು ಅದನ್ನೇ ಪರೀಕ್ಷಿಸಿದಳು. ಒಂದೇ ಲ್ಯಾಪ್‌ಟಾಪಿನೊಳಗೆ ಎರಡು ಮೂರು ಯಂತ್ರಗಳಿರುವಂತೆ ಮಾಡಿ, ನಡುವೆ ಒಂದು ಇಕ್ಕಟ್ಟಾದ ದಾರಿ ಇಟ್ಟಳು. ಒಂದು ಕಡೆ ಹಳೆಯ ಕ್ಯೂಬಿಕ್, ಇನ್ನೊಂದು ಕಡೆ ಹುಡುಗನ ತೇಪೆ ಹಾಕಿದ ಲೆಕ್ಕ. ಎರಡನ್ನೂ ಒಟ್ಟಿಗೆ ಬಿಟ್ಟಳು. ಪರದೆಯ ಮೇಲೆ ಎರಡು ಗೆರೆಗಳು. ಮೊದಲು ಜೊತೆಯಾಗಿ ಏರಿದವು. ದಾರಿ ತುಂಬಿತು. ಹಳೆಯದು ತಗ್ಗಿತು, ಹೊಸದು ತಗ್ಗಿದಂತೆ ಮಾಡಿತು. ಹಳೆಯದು ಬಿಟ್ಟ ಜಾಗಕ್ಕೆ ಹೊಸದು ಕಾಲು ಚಾಚಿತು. ಮತ್ತೆ ತುಂಬಿತು, ಮತ್ತೆ ಹಳೆಯದೇ ತಗ್ಗಿತು. ಹತ್ತು ನಿಮಿಷದಲ್ಲಿ ಒಂದು ಗೆರೆ ಮೇಲೆ ಹಾಯಾಗಿ ನಿಂತಿತ್ತು, ಇನ್ನೊಂದು ಕೆಳಗೆ ಮುದುಡಿಕೊಂಡಿತ್ತು.

ಅವಳು ನನಗೆ ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕೆಳಗಿನ ಗೆರೆಯ ಗುರುತು ನನಗೆ ಹತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಅಂದಳು: "ಕೆಳಗಿರೋದರಲ್ಲಿ ತಪ್ಪೇನೂ ಇಲ್ಲಮ್ಮ. ಲೆಕ್ಕ ಸರಿಯಾಗೇ ಇದೆ. ಎಲ್ಲರೂ ತಗ್ಗುತ್ತಾರೆ ಅಂತ ನಂಬಿ ಬರೆದ ಲೆಕ್ಕ ಅದು. ಒಬ್ಬರೇ ತಗ್ಗಿದರೆ ಆ ಲೆಕ್ಕ ನಡೆಯಲ್ಲ."

ನಾನು ಒಲೆಯ ಮೇಲೆ ಕಷಾಯ ಇದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಅವಳು ಆ ಹುಡುಗನಿಗೆ ಬರೆದ ಉತ್ತರವನ್ನು ಆಮೇಲೆ ಕನ್ನಡದಲ್ಲಿ ಓದಿ ಹೇಳಿದಳು. ಅದರಲ್ಲಿ ಬೈಗುಳವಿರಲಿಲ್ಲ. ನಿಮ್ಮ ತಿದ್ದುಪಡಿ ಒಂಟಿಯಾಗಿ ಓಡುವಾಗ ವೇಗವಾಗಿದೆ, ಪಕ್ಕದಲ್ಲಿ ಹಳೆಯದು ಓಡುತ್ತಿದ್ದರೆ ಅದಕ್ಕೆ ಎಷ್ಟು ಉಳಿಯುತ್ತದೆ ಎಂಬ ಪಟ್ಟಿಯನ್ನೂ ಕೊಡಿ, ನನ್ನ ಪರೀಕ್ಷೆಯಲ್ಲಿ ಕಂಡದ್ದು ಇದು, ಎಂದಿತ್ತು. ಇದು ಅವಳೊಬ್ಬಳ ಹಟವಲ್ಲವಂತೆ. ದಟ್ಟಣೆ ನಿಯಂತ್ರಿಸುವ ಹೊಸ ಲೆಕ್ಕ ಯಾವುದೇ ಬರಲಿ, ಈಗಾಗಲೇ ದಾರಿಯಲ್ಲಿರುವವರ ಮೇಲೆ ಅದರ ಪರಿಣಾಮವೇನು ಎಂದು ನೋಡಲೇಬೇಕೆಂದು 2007ರಲ್ಲೇ ಇಬ್ಬರು ಬರೆದಿಟ್ಟಿದ್ದಾರೆ. ದೊಡ್ಡವರಿಗೂ ಇದರಿಂದ ವಿನಾಯಿತಿ ಇಲ್ಲ. ಗೂಗಲ್‌ನವರ ಬಿಬಿಆರ್ ಎಂಬ ಲೆಕ್ಕ 2016ರಲ್ಲಿ ಲೈನಕ್ಸ್ ಸೇರಿತು. ಕೆಲವು ಇಕ್ಕಟ್ಟಿನ ದಾರಿಗಳಲ್ಲಿ ಅದು ಪಕ್ಕದವರ ಪಾಲನ್ನು ಕಬಳಿಸುತ್ತದೆ ಎಂದು ಸಂಶೋಧಕರು ತೋರಿಸಿಕೊಟ್ಟರು. ಮುಂದಿನ ಆವೃತ್ತಿಗಳಲ್ಲಿ ಅದನ್ನು ಸರಿಪಡಿಸಲು ಅದನ್ನು ಬರೆದವರೇ ಕೂತರು.

2007ರಲ್ಲಿ ಹಾಗೆ ಬರೆದಿಟ್ಟ ಇಬ್ಬರಲ್ಲಿ ಒಬ್ಬರು ಸ್ಯಾಲಿ ಫ್ಲಾಯ್ಡ್ ಎಂಬ ಹೆಂಗಸು. 1950ರಲ್ಲಿ ಹುಟ್ಟಿದವರು. ಮೊದಲು ಓದಿದ್ದು ಸಮಾಜಶಾಸ್ತ್ರ. ಆಮೇಲೆ ಎಲೆಕ್ಟ್ರಾನಿಕ್ಸ್ ಕಲಿತು ಸ್ಯಾನ್‌ಫ್ರಾನ್ಸಿಸ್ಕೋ ಪ್ರದೇಶದ ರೈಲು ಸಂಸ್ಥೆಯಲ್ಲಿ ಕಂಪ್ಯೂಟರ್ ಕೆಲಸ ಮಾಡಿದರು. ಮತ್ತೆ ವಿಶ್ವವಿದ್ಯಾಲಯಕ್ಕೆ ಹೋಗಿ ಡಾಕ್ಟರೇಟ್ ಪಡೆದದ್ದು 1989ರಲ್ಲಿ. ಆಗ ಅವರಿಗೆ ನಲವತ್ತರ ಹತ್ತಿರ ವಯಸ್ಸು! ನಮ್ಮ ಕಡೆ ಆ ವಯಸ್ಸಿಗೆ ಹೆಂಗಸರು ಮಗಳ ಮದುವೆಗೆ ಪಾತ್ರೆ ಕೂಡಿಡುತ್ತಿದ್ದರು. 1993ರಲ್ಲಿ ಅವರು ಜೇಕಬ್‌ಸನ್ ಜೊತೆ ಸೇರಿ, ದಾರಿ ಪೂರ್ತಿ ಕಟ್ಟಿಕೊಳ್ಳುವ ಮೊದಲೇ ಕೆಲವರಿಗೆ ಸೂಚನೆ ಕೊಡುವ ಉಪಾಯವನ್ನು ಮುಂದಿಟ್ಟರು. 2001ರಲ್ಲಿ ಕೆ. ಕೆ. ರಾಮಕೃಷ್ಣನ್ ಮೊದಲಾದವರ ಜೊತೆ ರೂಪಿಸಿದ ನಿಯಮದಲ್ಲಿ, ಪೊಟ್ಟಣವನ್ನು ಬಿಸಾಡುವ ಬದಲು ಅದರ ಮೇಲೊಂದು ಗುರುತು ಹಾಕಿದರೆ ಸಾಕು, ಕಳಿಸಿದವರು ತಗ್ಗುತ್ತಾರೆ. ತುಂಬಿದ ಮನೆಯಲ್ಲಿ ಅತಿಥಿಗಳ ಮುಂದೆ ಅಮ್ಮಂದಿರು ಮಾಡುವ ಕಣ್ಸನ್ನೆಯ ಹಾಗೆ. ಅವರು ತೀರಿಕೊಂಡದ್ದು 2019ರಲ್ಲಿ.

ಅವರ ಹೆಸರು ಇನ್ನೊಂದು ಕಡೆಯೂ ಇದೆ. ವೀಡಿಯೊ, ಮಾತುಕತೆಗಳಿಗೆ ಕಳೆದುಹೋದ ಪೊಟ್ಟಣ ಮತ್ತೆ ಬೇಕಾಗಿಲ್ಲ. ಆದ್ದರಿಂದ ಅವು ಯುಡಿಪಿ ಎಂಬ ಸಾದಾ ಅಂಚೆಯಲ್ಲಿ ಹೋಗುತ್ತಿದ್ದವು. ಸಾದಾ ಅಂಚೆಗೆ ತಗ್ಗುವ ಲೆಕ್ಕವೇ ಇಲ್ಲ. ಅವೆಲ್ಲ ಮನಬಂದಂತೆ ನುಗ್ಗಿದರೆ ತಗ್ಗುವವರ ಗತಿಯೇನು? ಅದಕ್ಕಾಗಿ ಮರುಕಳಿಸುವ ಗೋಜಿಲ್ಲದ, ಆದರೆ ಇಕ್ಕಟ್ಟಾದಾಗ ತಗ್ಗುವ ಒಂದು ಪದ್ಧತಿಯನ್ನು ಫ್ಲಾಯ್ಡ್ ಮತ್ತು ಇನ್ನಿಬ್ಬರು ರೂಪಿಸಿದರು. ಹೆಸರು ಡಿಸಿಸಿಪಿ. ಲೈನಕ್ಸ್‌ಗೆ 2005ರಲ್ಲಿ ಬಂತು, 2006ರಲ್ಲಿ ನಿಯಮವಾಗಿ ಪ್ರಕಟವಾಯಿತು. ನನ್ನ ಮಗಳು ಇಂಜಿನಿಯರಿಂಗ್ ಓದುವಾಗ ಮಾಡಿದ ಪ್ರಾಜೆಕ್ಟು ಅದರ ಮೇಲೆಯೇ. ಅವಳ ಮೊದಲ ಪ್ಯಾಚ್, ಬರೀ ಒಂದು ಸಾಲಿನದು, ಸೇರಿದ್ದೂ ಅದಕ್ಕೇ. ಆ ದಿನ ಹಾಸ್ಟೆಲಿನಿಂದ ಫೋನು ಮಾಡಿ ಕಿರುಚಿದ್ದಳು. ನಾನು ಕ್ಯಾಶ್ ಲೆಕ್ಕ ಹೊಂದಿಸುತ್ತಿದ್ದೆ, "ಸರಿ ಸರಿ, ಊಟ ಮಾಡಿದ್ಯಾ?" ಎಂದು ಇಟ್ಟುಬಿಟ್ಟಿದ್ದೆ.

ಆ ಏಪ್ರಿಲ್‌ನಲ್ಲೇ ಡಿಸಿಸಿಪಿಯನ್ನು ಪೂರ್ತಿಯಾಗಿ ತೆಗೆದುಹಾಕುವ ಪ್ಯಾಚ್‌ಗಳು ಬಂದವು. ಬಳಸುವವರು ಇರಲಿಲ್ಲ, ನೋಡಿಕೊಳ್ಳುವವರೂ ಉಳಿದಿರಲಿಲ್ಲ. ಯಾರೂ ದೀಪ ಹಚ್ಚದ ಮನೆಗೆ ಹಾವು ಸೇರುತ್ತದೆ ತಾನೇ? ತಿರುಳಿನಲ್ಲಿಯೂ ಹಾಗೆಯೇ, ಪಾಳುಬಿದ್ದ ಭಾಗ ಕಳ್ಳರಿಗೆ ದಾರಿಯಾಗುತ್ತದೆ. ಮಗಳು ಆ ಪ್ಯಾಚ್‌ಗಳನ್ನೂ ಸಾಲು ಬಿಡದೆ ಓದಿದಳು. ತೆಗೆಯುವಾಗ ಅದಕ್ಕೆ ಅಂಟಿಕೊಂಡ ಬೇರೆಯದೇನಾದರೂ ಕಿತ್ತು ಬರುತ್ತದೆಯೋ ಎಂದು ನೋಡಬೇಕಂತೆ. ಅವಳ ಒಂದು ಸಾಲೂ ಅದರ ಜೊತೆ ಹೋಯಿತು. ಜುಲೈ ಕೊನೆಗೆ ಬಂದ 6.16ನೇ ಲೈನಕ್ಸ್‌ನಲ್ಲಿ ಡಿಸಿಸಿಪಿ ಇಲ್ಲ.

"ಬೇಜಾರಾಗಲ್ವಾ?" ಎಂದೆ.

"ಆಯ್ತು. ಆದರೆ ಅದು ಹೇಳಿದ ಮಾತು ಉಳಿದಿದೆಯಲ್ಲಮ್ಮ. ಈಗ ಕ್ವಿಕ್ ಅಂತ ಇದೆ, 2021ರಲ್ಲಿ ನಿಯಮವಾಯ್ತು. ಅದು ಹೋಗೋದು ಸಾದಾ ಅಂಚೆ ಮೇಲೇ. ಆದರೆ ಇಕ್ಕಟ್ಟಾದರೆ ತಗ್ಗುತ್ತೆ."

ಅದೇ ವರ್ಷ ನಮ್ಮ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದ ಸುದ್ದಿ ಓದಿದಾಗ ನನಗೂ ಗಂಟಲು ಕಟ್ಟಿತ್ತು. ಎಷ್ಟು ಸಾವಿರ ನಂಬರುಗಳನ್ನು ಈ ಕೈಯಿಂದ ಬರೆದಿದ್ದೆ! ಹೆಸರು ಹೋದರೂ, ಮುಟ್ಟಿದ್ದಕ್ಕೆ ಸಹಿ ಬೇಕು ಎಂಬ ಮಾತು ಉಳಿದಿದೆ ಎಂದು ಮಗಳ ಮಾತನ್ನೇ ನನಗೆ ನಾನು ಹೇಳಿಕೊಂಡೆ.

ಆ ಹುಡುಗನ ಪ್ಯಾಚ್ ಏನಾಯಿತೆಂದು ಕೇಳುತ್ತೀರಾ? ಎರಡನೆಯ ಸಲ ಬಂತು, ಮೂರನೆಯ ಸಲ ಬಂತು. ನಾನೂ ಹಾಲು ಬಂತಾ ಎಂದು ಕೇಳುವ ಹಾಗೆ "ಆ ಹುಡುಗ ಕಳಿಸಿದನಾ?" ಎಂದು ಕೇಳುವಂತಾಗಿದ್ದೆ. ಕಡಿಮೆ ತಗ್ಗುವ ಭಾಗವನ್ನು ಅವನೇ ತೆಗೆದುಹಾಕಿದ. ಹಾಗೆ ಹುಡುಕುವಾಗ ಅವನಿಗೇ ಸಿಕ್ಕ ಬೇರೊಂದು ಸಣ್ಣ ಲೆಕ್ಕದ ತಪ್ಪಿನ ತಿದ್ದುಪಡಿ ಮಾತ್ರ ಉಳಿಯಿತು. ಅದು ಸರಿಯಾಗಿತ್ತು. ಮಗಳು ತನ್ನ ಹೆಸರು ಸೇರಿಸಿದಳು. ಅದು ಸಂಗ್ರಹಕ್ಕೆ ಸೇರಿದ ದಿನ ನಾನು ಹೆಸರುಬೇಳೆ ಪಾಯಸ ಮಾಡಿದೆ. ಬಾಣಂತಿಗೆ ಬೆಲ್ಲ ಒಳ್ಳೆಯದೆಂಬ ನೆಪವೂ ಇತ್ತು.

ನಾಮಕರಣಕ್ಕೆ ಬೀಗರು ಬಂದರು. ಊಟವಾಗಿ ಎಲೆ ಅಡಿಕೆ ಮೆಲ್ಲುವಾಗ ಬೀಗಿತ್ತಿ ಮತ್ತೆ ಆ ಮಾತು ತೆಗೆದರು. "ನೀವು ಹೇಳಿದರಾ?" ಎಂದರು. ಎಲ್ಲರೂ ನನ್ನ ಮುಖ ನೋಡಿದರು. 1996ರಲ್ಲಿ ನೋಡಿದ ಹಾಗೆಯೇ.

"ಹೇಳಿದ್ದೆ. ಹೇಳಬಾರದಿತ್ತು" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅವಳು ಸ್ವಲ್ಪ ಇಳಿಸಿಕೊಳ್ಳಲಿ, ಬೇಡ ಅನ್ನಲ್ಲ. ಅಳಿಯಂದಿರೂ ಅಷ್ಟೇ ಇಳಿಸಿಕೊಳ್ಳಲಿ. ತಿಂಗಳಲ್ಲಿ ಹದಿನೈದು ದಿನ ನಾನು ಬರ್ತೀನಿ, ಹದಿನೈದು ದಿನ ನೀವು ಬನ್ನಿ. ಒಬ್ಬಳೇ ಪೂರ್ತಿ ಇಳಿಯೋದು ಬೇಡ."

ಬೀಗಿತ್ತಿ ಬಹಳ ಹೊತ್ತು ಮಾತಾಡಲಿಲ್ಲ. ಅಡಿಕೆ ಕತ್ತರಿಸುತ್ತಲೇ ಇದ್ದರು. ಅಳಿಯಂದಿರು ಕೆಮ್ಮಿ, "ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡೋಕೆ ಕೇಳ್ತೀನಿ ಅತ್ತೆ" ಎಂದರು. ಈ ಮಾತು ಇಷ್ಟು ದಿನ ಎಲ್ಲಿತ್ತು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಕಣ್ಸನ್ನೆ ಸಾಕಾಗುವಲ್ಲಿ ಪೊಟ್ಟಣ ಬಿಸಾಡಬಾರದಲ್ಲ.

ಎಲ್ಲವೂ ಸುಖವಾಯಿತು ಎಂದು ಹೇಳಲಾರೆ. ಬೀಗಿತ್ತಿಗೆ ಬೆಂಗಳೂರಿನ ನೀರು ಒಗ್ಗುವುದಿಲ್ಲ, ಎಂಟು ದಿನಕ್ಕೇ ಹೊರಡುತ್ತಾರೆ. ಮಗಳು ಈ ವರ್ಷಕ್ಕೆ ಬಡ್ತಿ ಬೇಡವೆಂದಳು. ಅಳಿಯಂದಿರೂ ವಿದೇಶದ ಒಂದು ಪ್ರವಾಸ ಬಿಟ್ಟರು. ನನ್ನ ತಿಂಗಳ ಭಜನೆ ಮಂಡಳಿ ಅರ್ಧ ತಪ್ಪಿಹೋಗುತ್ತದೆ. ಎಲ್ಲರ ಗೆರೆಯೂ ಸ್ವಲ್ಪ ಸ್ವಲ್ಪ ಕೆಳಗಿದೆ. ಯಾರದೂ ನೆಲಕ್ಕೆ ತಾಗಿಲ್ಲ.

ಈಗ ನಾನು ಶಿವಮೊಗ್ಗದಲ್ಲಿರುವ ದಿನಗಳಲ್ಲಿ ರಾತ್ರಿ ವೀಡಿಯೊ ಕರೆಯಲ್ಲಿ ಮೊಮ್ಮಗನನ್ನು ನೋಡುತ್ತೇನೆ. ಪಕ್ಕದ ಮನೆಯ ಹುಡುಗರು ಕ್ರಿಕೆಟ್ ಹಚ್ಚಿದರೆ ಅವನ ಮುಖ ಒಂದು ಗಳಿಗೆ ಮಸುಕಾಗುತ್ತದೆ. ಮೊದಲೆಲ್ಲ ಫೋನನ್ನು ಕುಟ್ಟುತ್ತಿದ್ದೆ. ಈಗ ಸುಮ್ಮನೆ ಕಾಯುತ್ತೇನೆ. ನನ್ನ ಪೊಟ್ಟಣಗಳು ಯಾರಿಗೋ ದಾರಿ ಬಿಟ್ಟಿವೆ. ಸ್ವಲ್ಪ ಹೊತ್ತಿಗೆ ಅವರೂ ಬಿಡುತ್ತಾರೆ. ಆಗ ಹಲ್ಲಿಲ್ಲದ ಬಾಯಿ ಮತ್ತೆ ತಿಳಿಯಾಗಿ ಕಾಣುತ್ತದೆ.